ಓಡಲು ಶುರುಮಾಡಿದ ಮೇಲೆ ಮಂಡಿನೋವು: ಬಿಡಬೇಕೇ, ಮುಂದುವರಿಸಬೇಕೇ?

ಪ್ರಶ್ನೆ: ನನಗೆ 46 ವರ್ಷ. ಇಪ್ಪತ್ತು ವರ್ಷದಿಂದ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಮೂರು ತಿಂಗಳ ಹಿಂದೆ ರಕ್ತದ ಸಕ್ಕರೆ ಗಡಿ ಮುಟ್ಟಿದೆ ಎಂದು ಗೊತ್ತಾದ ಮೇಲೆ ವ್ಯಾಯಾಮ ಶುರುಮಾಡಿದೆ. ಮೊದಲ ವಾರ ನಡಿಗೆ, ಆಮೇಲೆ ದಿನಾ ಓಟ, ಭಾನುವಾರ ಗೆಳೆಯರ ಜೊತೆ ಎರಡು ಗಂಟೆ ಬ್ಯಾಡ್ಮಿಂಟನ್. ಎರಡನೇ ತಿಂಗಳಲ್ಲಿ ಬಲ ಮಂಡಿಯ ಮುಂಭಾಗ ನೋಯತೊಡಗಿತು, ಮೆಟ್ಟಿಲು ಇಳಿಯುವಾಗ ಜಾಸ್ತಿ. ಬೆಳಿಗ್ಗೆ ಎದ್ದಾಗ ಹಿಮ್ಮಡಿಯ ಹಿಂದೆ ಬಿಗಿತ. ಸಂಜೆಯಾದರೆ ಸೊಂಟ ಹಿಡಿದುಕೊಳ್ಳುವುದು ಹಳೆಯ ಕಾಯಿಲೆ. ಎಕ್ಸ್‌ರೇಯಲ್ಲಿ ಮಂಡಿ 'ಸ್ವಲ್ಪ ಸವೆದಿದೆ' ಅಂದರು. ಎರಡು ವಾರ ಪೂರ್ತಿ ವಿಶ್ರಾಂತಿ ತೆಗೆದುಕೊಂಡೆ, ನೋವು ಹೋಯಿತು. ಮತ್ತೆ ಓಡಿದ ದಿನವೇ ವಾಪಸ್ ಬಂತು. ಈ ವಯಸ್ಸಿಗೆ ಓಟ ಬೇಡ, ಮಂಡಿ ತೇಯುತ್ತದೆ ಎನ್ನುತ್ತಾರೆ ಮನೆಯವರು. ಸರಿಯಾಗಿ ಸ್ಟ್ರೆಚಿಂಗ್ ಮಾಡಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುತ್ತಾರೆ ಗೆಳೆಯರು. ಯಾರ ಮಾತು ಕೇಳಲಿ? ನೀಕ್ಯಾಪ್ ಹಾಕಿಕೊಂಡು ಬ್ಯಾಡ್ಮಿಂಟನ್ ಆಡಬಹುದೇ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ನಿಮ್ಮ ಪತ್ರ ಓದುವಾಗ ನಾನು ಗುರುತು ಹಾಕಿಕೊಂಡದ್ದು 'ಸವೆತ' ಎಂಬ ಮಾತನ್ನಲ್ಲ, ವಯಸ್ಸನ್ನೂ ಅಲ್ಲ. 'ಮೊದಲ ವಾರ ನಡಿಗೆ, ಆಮೇಲೆ ದಿನಾ ಓಟ' ಎಂದಿದ್ದೀರಲ್ಲ, ಆ ಸಾಲನ್ನು. ಇಪ್ಪತ್ತು ವರ್ಷ ಕೂತ ಕಾಲಿಗೆ ಏಳು ದಿನದ ಪೀಠಿಕೆ ಸಾಲದು. ಬಿದ್ದು, ಉಳುಕಿ ಆಗುವ ಪೆಟ್ಟಿನ ಮಾತು ಬೇರೆ. ತಾನಾಗಿ ಶುರುವಾಗಿ ವಾರಗಟ್ಟಲೆ ಕಾಡುವ ಇಂಥ ನೋವುಗಳಲ್ಲಿ ಬಹುಪಾಲಿಗೆ ಕಾರಣ ಹುಡುಕುತ್ತ ಹೋದರೆ ಸಿಗುವುದು ಒಂದು ಜಿಗಿತ. ನಿನ್ನೆಯವರೆಗೆ ಇದ್ದ ಹೊರೆಗೂ ಇವತ್ತಿನ ಹೊರೆಗೂ ನಡುವಿನ ಜಿಗಿತ.

ಇದು ಹೊಸ ತಿಳಿವಳಿಕೆಯಲ್ಲ. 1855ರಲ್ಲಿ ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್, ದೂರದೂರ ಕವಾಯತು ನಡೆದ ಸೈನಿಕರ ಪಾದ ಊದಿಕೊಂಡು ನೋಯುವುದನ್ನು ದಾಖಲಿಸಿದ. ಆಗ ಎಕ್ಸ್‌ರೇ ಇರಲಿಲ್ಲ. ಅದು ಬಂದ ಮೇಲೆ ತಿಳಿಯಿತು, ಪಾದದ ಮೂಳೆಗಳಲ್ಲಿ ಸಣ್ಣ ಬಿರುಕು ಬಿಟ್ಟಿತ್ತು. ಯಾರೂ ಹೊಡೆದದ್ದಲ್ಲ, ಬಿದ್ದದ್ದೂ ಅಲ್ಲ. ಮೂಳೆ ಗಟ್ಟಿಯಾಗಲು ಬೇಕಾದ ಸಮಯ ಕೊಡದೆ ನಡೆಸಿದ್ದರ ಫಲ. ಇಂದಿಗೂ ಸೈನ್ಯಕ್ಕೆ ಹೊಸದಾಗಿ ಸೇರಿದವರಲ್ಲಿ ತರಬೇತಿಯ ಮೊದಲ ವಾರಗಳಲ್ಲೇ ಈ ಬಿರುಕು ಹೆಚ್ಚು ಕಾಣುತ್ತದೆ.

ಅದೇ ಮೂಳೆಗೆ ಸಮಯ ಕೊಟ್ಟರೆ ಕಥೆಯೇ ಬೇರೆ. ಹೊರೆ ಬಿದ್ದ ಕಡೆ ಮೂಳೆ ತನ್ನನ್ನು ತಾನೇ ಬಲಪಡಿಸಿಕೊಳ್ಳುತ್ತದೆ ಎಂದು ಜರ್ಮನಿಯ ಶಸ್ತ್ರಚಿಕಿತ್ಸಕ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದ. ಚಿಕ್ಕಂದಿನಿಂದ ಟೆನಿಸ್ ಆಡಿದವರ ಆಡುವ ಕೈಯ ಮೂಳೆ ಇನ್ನೊಂದು ಕೈಯದಕ್ಕಿಂತ ದಪ್ಪ. ಭಾರವೇ ಇಲ್ಲದ ಬಾಹ್ಯಾಕಾಶಕ್ಕೆ ಹೋದವರ ಸೊಂಟದ ಮೂಳೆಯ ಸಾಂದ್ರತೆ ತಿಂಗಳಿಗೆ ಹೆಚ್ಚುಕಡಿಮೆ ಶೇ. 1ರಿಂದ 1.5ರಷ್ಟು ಇಳಿಯುತ್ತದೆ. ಅಂದಮೇಲೆ ಬಳಸಿದ್ದೆಲ್ಲ ಸವೆಯುತ್ತದೆ ಎಂಬ ಯಂತ್ರದ ಲೆಕ್ಕವನ್ನು ಜೀವಂತ ದೇಹಕ್ಕೆ ಹಚ್ಚಲಾಗದು.

ತೊಡಕು ಇರುವುದು ಬೇರೆ ಕಡೆ. ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಪಳಗುವುದಿಲ್ಲ. ಓಡಲು ಶುರುಮಾಡಿದ ಮೂರು ನಾಲ್ಕು ವಾರಕ್ಕೇ ಏದುಸಿರು ಕಡಿಮೆಯಾಗುತ್ತದೆ, ಹೃದಯ ಶ್ವಾಸಕೋಶ ಅಷ್ಟು ಬೇಗ ಹೊಂದಿಕೊಳ್ಳುತ್ತವೆ. ಸ್ನಾಯು ಕಣ್ಣಿಗೆ ಕಾಣುವಷ್ಟು ಬಲಿಯಲು ಆರೇಳು ವಾರವಾದರೂ ಬೇಕು. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಬಿಗಿಯಾದ ಹುರಿ, ಅಂದರೆ ಸ್ನಾಯುರಜ್ಜು, ಮತ್ತು ಮೂಳೆ ಇವೆರಡಕ್ಕೆ ತಿಂಗಳುಗಳೇ ಬೇಕು. ಹಾಗಾಗಿ ಎರಡನೇ ತಿಂಗಳಿಗೆ ಉಸಿರು 'ಇನ್ನೂ ಎರಡು ಸುತ್ತು ಓಡು' ಅನ್ನುತ್ತದೆ, ಮಂಡಿ ಹಿಮ್ಮಡಿಗಳು ಅದಕ್ಕೆ ಇನ್ನೂ ತಯಾರಾಗಿರುವುದಿಲ್ಲ. ನಿಮಗೆ ನೋವು ಕಾಣಿಸಿದ್ದು ಎರಡನೇ ತಿಂಗಳಲ್ಲೇ ಎಂಬುದು ನನಗೆ ಆಶ್ಚರ್ಯ ತರಲಿಲ್ಲ. ಹುಮ್ಮಸ್ಸು ಅತಿ ಹೆಚ್ಚಿರುವ ಕಾಲವೂ ಅದೇ.

ಇನ್ನೊಂದು ಸಂಗತಿ ಇದೆ, ಇದನ್ನು ರೋಗಿಗಳಿಗೆ ಹೇಳಬೇಕಾದಷ್ಟು ನಾವು ಹೇಳುವುದಿಲ್ಲ. ಗಟ್ಟಿ ವ್ಯಾಯಾಮ ಆದ ಮೊದಲ ಒಂದು ಒಂದೂವರೆ ದಿನ ಸ್ನಾಯುರಜ್ಜುವಿನಲ್ಲಿ ಕಟ್ಟುವುದಕ್ಕಿಂತ ಕಳಚುವುದೇ ಹೆಚ್ಚು. ಅದಾದ ಮೇಲಷ್ಟೇ ಲೆಕ್ಕ ಲಾಭಕ್ಕೆ ತಿರುಗುತ್ತದೆ. ದಿನಾ ಓಡಿದರೆ ಪ್ರತಿ ಓಟವೂ ಕಳಚುವ ಹೊತ್ತಿನಲ್ಲೇ ಬೀಳುತ್ತದೆ. ಹೊಸಬರಿಗೆ ದಿನ ಬಿಟ್ಟು ದಿನ ಓಡಿ ಎನ್ನುವುದು ಇದಕ್ಕೇ. ನಿಮ್ಮ ವಿಷಯದಲ್ಲಿ ಸಕ್ಕರೆಯನ್ನೂ ಸೇರಿಸಿಕೊಳ್ಳಬೇಕು. ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಿದ್ದರೆ ಸ್ನಾಯುರಜ್ಜು ಗಡುಸಾಗುತ್ತದೆ, ರಿಪೇರಿಯೂ ನಿಧಾನ. ಇದು ಹೆದರುವ ವಿಷಯವಲ್ಲ. ಇನ್ನೊಬ್ಬರಿಗೆ ಎಂಟು ವಾರ ಸಾಕಾದ ಕಡೆ ನಿಮಗೆ ಹನ್ನೆರಡು ವಾರ ಅಂದುಕೊಂಡು ಹೊರಡಿ ಎಂದಷ್ಟೇ ಅರ್ಥ.

ಈಗ ಎಕ್ಸ್‌ರೇ. ಮಂಡಿಯ ಎಕ್ಸ್‌ರೇಗೂ ಮಂಡಿಯ ನೋವಿಗೂ ನೀವು ಅಂದುಕೊಂಡಷ್ಟು ನಂಟಿಲ್ಲ. ಚಿತ್ರದಲ್ಲಿ ಚೆನ್ನಾಗಿ ಸವೆದು ಕಂಡರೂ ನೋವಿಲ್ಲದೆ ಓಡಾಡುವವರಿದ್ದಾರೆ. ಚಿತ್ರ ಶುಭ್ರವಾಗಿದ್ದು ಮೆಟ್ಟಿಲು ಇಳಿಯಲಾಗದವರೂ ಇದ್ದಾರೆ. ಬೆನ್ನಿನದು ಇದಕ್ಕಿಂತ ವಿಚಿತ್ರ. ಬೆನ್ನುನೋವೇ ಇಲ್ಲದ 3,110 ಮಂದಿಯ ಸ್ಕ್ಯಾನ್‌ಗಳನ್ನು ಒಟ್ಟುಮಾಡಿ ನೋಡಿದ 2015ರ ಒಂದು ವಿಮರ್ಶೆಯಲ್ಲಿ, 20ರ ವಯಸ್ಸಿನವರಲ್ಲೇ ಶೇ. 37ರಷ್ಟು ಮಂದಿಗೆ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಸವೆದದ್ದು ಕಂಡಿತ್ತು. 80ರ ವಯಸ್ಸಿನವರಲ್ಲಿ ಶೇ. 96. ತಲೆಗೂದಲು ನರೆಯುವುದನ್ನು ನಾವು ಕಾಯಿಲೆ ಅನ್ನುವುದಿಲ್ಲ. 'ಸ್ವಲ್ಪ ಸವೆತ' ಎಂಬ ಎರಡು ಪದ ಕೇಳಿದ್ದೇ ತಡ, ಒಳ್ಳೆಯ ಕಾಲನ್ನೂ ಕುಂಟಿಸಿಕೊಂಡು ನಡೆಯುವವರನ್ನು ನಾನು ನೋಡುತ್ತಲೇ ಇರುತ್ತೇನೆ. ವರದಿಯ ಭಾಷೆಯೇ ಅರ್ಧ ಕಾಯಿಲೆ ತರುತ್ತದೆ ಅನ್ನಿಸುವುದುಂಟು.

ಓಡಿದರೆ ಮಂಡಿ ತೇಯುತ್ತದೆಯೇ? ಮೂಳೆಯ ತುದಿಗೆ ಹೊದಿಸಿದ ನುಣುಪಾದ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದರ ಆಹಾರ, ಆ ದ್ರವ ಒಳಹೊಕ್ಕು ಹೊರಬರಬೇಕಾದರೆ ಸ್ಪಂಜನ್ನು ಒತ್ತಿ ಬಿಟ್ಟ ಹಾಗೆ ಕೀಲಿನ ಮೇಲೆ ಭಾರ ಬಿದ್ದು ಇಳಿಯುತ್ತಿರಬೇಕು. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಮರ್ಶೆಯಲ್ಲಿ ಹವ್ಯಾಸಕ್ಕೆ ಓಡುವವರಲ್ಲಿ ಶೇ. 3.5ರಷ್ಟು ಮಂದಿಗೆ ಸೊಂಟದ ಕೀಲಿನ ಅಥವಾ ಮಂಡಿಯ ಸಂಧಿವಾತ ಕಂಡಿತ್ತು. ಕೂತು ಕಾಲ ಕಳೆಯುವವರಲ್ಲಿ ಅದು ಶೇ. 10.2, ಸ್ಪರ್ಧೆಗಾಗಿ ಓಡುವವರಲ್ಲಿ ಶೇ. 13.3. ಮಂಡಿ ನೋಯುವವರು ಓಟ ಬಿಟ್ಟು ಕೂತವರ ಗುಂಪಿಗೆ ಸೇರಿರಬಹುದು ಎಂಬ ತಕರಾರು ಈ ಅಂಕಿಗಳಿಗೆ ಇದ್ದೇ ಇದೆ, ಹಾಗಾಗಿ ಓಟವೇ ಮಂಡಿಯನ್ನು ಕಾಯುತ್ತದೆ ಎಂದು ನಾನು ಹೇಳಲಾರೆ. ಆದರೆ ಹಿತಮಿತವಾದ ಓಟ ಮಂಡಿಯನ್ನು ತಿಂದುಹಾಕುತ್ತದೆ ಎಂಬ ಮಾತಿಗೆ ಇಲ್ಲಿ ಆಧಾರ ಸಿಗುವುದಿಲ್ಲ. ಮನೆಯವರಿಗೆ ಇಷ್ಟು ಹೇಳಬಹುದು.

ವಿಶ್ರಾಂತಿಯಿಂದ ನೋವು ಹೋಗಿ, ಓಡಿದ ದಿನವೇ ಮರಳಿದ್ದೇಕೆ? ಎರಡು ವಾರದಲ್ಲಿ ಕೆರಳಿದ ಭಾಗ ತಣ್ಣಗಾಯಿತು. ಹೊರೆ ಹೊರುವ ಶಕ್ತಿ ಮಾತ್ರ ಹೆಚ್ಚಲಿಲ್ಲ, ಬದಲಿಗೆ ಸ್ವಲ್ಪ ಇಳಿಯಿತು. ನೀವು ಹಿಂತಿರುಗಿದ್ದು ಬಿಟ್ಟ ದೂರಕ್ಕೇ. ಮೊದಲಿಗಿಂತ ಕೊಂಚ ದುರ್ಬಲವಾದ ಕಾಲಿಗೆ ಮೊದಲಿನಷ್ಟೇ ಹೊರೆ. ಪೆಟ್ಟಾದರೆ ವಿಶ್ರಾಂತಿ, ಐಸ್, ಬಿಗಿಕಟ್ಟು, ಕಾಲು ಎತ್ತಿಡುವುದು ಎಂಬ ಸೂತ್ರವನ್ನು ಕೊಟ್ಟ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅದನ್ನು ಬರೆದದ್ದು 1978ರಲ್ಲಿ. ಐಸ್ ಮತ್ತು ಸಂಪೂರ್ಣ ವಿಶ್ರಾಂತಿ ಎರಡೂ ಗುಣವಾಗುವುದನ್ನು ತಡಮಾಡಬಹುದು ಎಂದು 2014ರಲ್ಲಿ ಅವರೇ ತಿದ್ದಿಕೊಂಡರು. ಮೊದಲ ಒಂದೆರಡು ದಿನ ನೋವು ತಗ್ಗಿಸಲು ಐಸ್ ಇಟ್ಟರೆ ನನ್ನ ಆಕ್ಷೇಪವಿಲ್ಲ. ವಾರಗಟ್ಟಲೆ ಕಾಲು ಚಾಚಿ ಕೂರುವುದಕ್ಕೆ ಇದೆ.

ಹಾಗಾದರೆ ನೋವಿದ್ದರೂ ಓಡಬಹುದೇ? ಒಂದು ಮಟ್ಟದವರೆಗೆ ಓಡಬಹುದು. ನೋವೇ ಇಲ್ಲದ್ದು ಸೊನ್ನೆ, ತಡೆಯಲಾಗದ್ದು ಹತ್ತು ಎಂದಿಟ್ಟುಕೊಳ್ಳಿ. ವ್ಯಾಯಾಮದ ಹೊತ್ತಿನಲ್ಲಿ ಮೂರರೊಳಗಿನ ನೋವನ್ನು ಸಹಿಸಬಹುದು. ಅದಕ್ಕಿಂತ ಮುಖ್ಯವಾದ ಪರೀಕ್ಷೆ ಮರುದಿನ ಬೆಳಿಗ್ಗೆ. ಎದ್ದು ಮೊದಲ ಮೆಟ್ಟಿಲುಗಳನ್ನು ಇಳಿಯುವಾಗ ನೋವು, ಬಿಗಿತ ನಿನ್ನೆ ಬೆಳಿಗ್ಗೆಯಷ್ಟೇ ಇದ್ದರೆ ನಿನ್ನೆಯ ಹೊರೆ ಸರಿ ಇತ್ತು. ಹೆಚ್ಚಿದ್ದರೆ ಮುಂದಿನ ಸಲ ಮೂರನೇ ಒಂದು ಭಾಗ ಕಡಿಮೆ ಮಾಡಿ, ನಿಲ್ಲಿಸಬೇಕಿಲ್ಲ. ಮಂಡಿ ಊದಿಕೊಂಡಿದ್ದರೆ ಅಥವಾ ನೀವು ಕುಂಟುತ್ತಿದ್ದರೆ ಆ ದಿನ ಓಟ ಇಲ್ಲ. ಇದರ ಜೊತೆ ಮೈಕೈ ನೋವನ್ನು ಗೊಂದಲ ಮಾಡಿಕೊಳ್ಳಬೇಡಿ. ಹೊಸ ವ್ಯಾಯಾಮ ಮಾಡಿದ ಮಾರನೆಯ ದಿನದಿಂದ ಮೂರನೇ ದಿನದವರೆಗೆ ತೊಡೆ, ಮೀನಖಂಡಗಳ ಮಾಂಸಲ ಭಾಗದಲ್ಲಿ, ಸಾಮಾನ್ಯವಾಗಿ ಎರಡೂ ಕಾಲಲ್ಲಿ, ಮುಟ್ಟಿದರೆ ನೋಯುವಂಥದ್ದು ತಾನಾಗಿಯೇ ಹೋಗುತ್ತದೆ. ಅದಕ್ಕೆ ಲ್ಯಾಕ್ಟಿಕ್ ಆಮ್ಲ ಕಾರಣ ಅನ್ನುವುದು ಹಳೆಯ ನಂಬಿಕೆ. ಆ ಆಮ್ಲ ಓಟ ಮುಗಿದ ಒಂದೆರಡು ಗಂಟೆಯೊಳಗೆ ರಕ್ತದಿಂದ ಮಾಯವಾಗಿರುತ್ತದೆ.

ಓಟಕ್ಕೆ ಹೀಗೆ ಮರಳಿ: ಐದು ನಿಮಿಷ ಬಿರುಸಿನ ನಡಿಗೆ, ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಆರೇಳು ಸುತ್ತು. ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವು. ನಿಮಗೆ ಇದು ಅವಮಾನದಂತೆ ಕಾಣಬಹುದು, ಕಾಣಲಿ. ಬೆಳಗಿನ ಪರೀಕ್ಷೆಯಲ್ಲಿ ಎರಡು ವಾರ ಪಾಸಾದರೆ ಓಟದ ನಿಮಿಷ ಹೆಚ್ಚಿಸಿ. ವಾರಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಡಿ ಎಂಬ ಪ್ರಸಿದ್ಧ ನಿಯಮವನ್ನು ನೀವು ಕೇಳಿರಬಹುದು. 2008ರಲ್ಲಿ ಹೊಸ ಓಟಗಾರರ ಮೇಲೆ ಅದನ್ನು ಪರೀಕ್ಷಿಸಿದಾಗ ನಿಯಮ ಪಾಲಿಸಿದವರಿಗೂ ಉಳಿದವರಿಗೂ ಗಾಯದಲ್ಲಿ ವ್ಯತ್ಯಾಸ ಕಾಣಲಿಲ್ಲ, ಎರಡೂ ಗುಂಪಿನಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಗಾಯವಾಗಿತ್ತು. 5 ಸಾವಿರಕ್ಕೂ ಹೆಚ್ಚು ಓಟಗಾರರನ್ನು ಗಮನಿಸಿದ 2025ರ ಅಧ್ಯಯನ ಬೇರೊಂದು ಕಡೆ ಬೆರಳು ತೋರಿಸಿತು: ವಾರದ ಒಟ್ಟು ದೂರಕ್ಕಿಂತ, ಕಳೆದ 30 ದಿನದಲ್ಲಿ ಒಮ್ಮೆಗೆ ಓಡಿದ ಅತಿ ಹೆಚ್ಚು ದೂರವನ್ನು ಒಂದೇ ದಿನ ಮೀರಿಸಿ ಓಡುವುದು ಅಪಾಯ ತರುತ್ತದೆ. ನಿಮ್ಮ ಭಾನುವಾರದ ಎರಡು ಗಂಟೆಯನ್ನು ಈ ಬೆಳಕಿನಲ್ಲಿ ನೋಡಿ.

ಓಡುವಾಗ ಹೆಜ್ಜೆ ಚಿಕ್ಕದು ಮಾಡಿ, ನಿಮಿಷಕ್ಕೆ ಬೀಳುವ ಹೆಜ್ಜೆಗಳ ಸಂಖ್ಯೆ ಶೇ. 5ರಿಂದ 10ರಷ್ಟು ಹೆಚ್ಚಿಸಿ. ಪಾದ ದೇಹಕ್ಕೆ ಹತ್ತಿರ ಬೀಳುತ್ತದೆ, ಮಂಡಿಯ ಮೇಲಿನ ಹೊರೆ ಕಡಿಮೆಯಾಗುತ್ತದೆ. ಮಂಡಿಚಿಪ್ಪಿನ ನೋವಿಗೆ ಬೂಟು ಬದಲಿಸುವುದಕ್ಕಿಂತ ಮೊದಲು ನಾನು ಹೇಳುವುದು ಇದನ್ನೇ, ಖರ್ಚಿಲ್ಲದ ಉಪಾಯ.

ಇನ್ನು ಬಲದ ವ್ಯಾಯಾಮ. ನನ್ನ ಉತ್ತರದಲ್ಲಿ ಒಂದೇ ಭಾಗ ಇಟ್ಟುಕೊಳ್ಳಬಹುದು ಎಂದರೆ ಇದನ್ನು ಇಟ್ಟುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ ಎಂಬ ಸಾಲು ಎಲ್ಲರಿಗೂ ನೆನಪಿರುತ್ತದೆ. ಅದರ ಪಕ್ಕದಲ್ಲೇ ಇರುವ, ವಾರಕ್ಕೆ ಎರಡು ದಿನವಾದರೂ ಎಲ್ಲ ಮುಖ್ಯ ಸ್ನಾಯುಗಳಿಗೆ ಬಲದ ವ್ಯಾಯಾಮ ಎಂಬ ಸಾಲನ್ನು ಓದಿದವರೇ ಕಡಿಮೆ. ಮಂಡಿಯ ಮುಂಭಾಗದ ನೋವಿಗೆ ಇಂದು ಅತಿ ಹೆಚ್ಚು ಆಧಾರವಿರುವ ಚಿಕಿತ್ಸೆ ತೊಡೆ ಮತ್ತು ಪೃಷ್ಠದ ಸ್ನಾಯುಗಳೆರಡನ್ನೂ ಬಲಪಡಿಸುವುದು. ಮಂಡಿ ನೋಯುತ್ತದೆಂದು ಮಂಡಿಯನ್ನೇ ತಿಕ್ಕುತ್ತ ಕೂತರೆ ಆಗದು.

ಕುರ್ಚಿಯಿಂದ ಕೈ ಊರದೆ ನಿಧಾನವಾಗಿ ಎದ್ದು, ಅದಕ್ಕಿಂತ ನಿಧಾನವಾಗಿ ಕೂರುವುದರಿಂದ ಶುರುಮಾಡಿ. ಇದೇ ಮುಂದೆ ಪೂರ್ಣ ಬಸ್ಕಿಯಾಗುತ್ತದೆ. ಬೆನ್ನ ಮೇಲೆ ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವುದು ಎರಡನೆಯದು. ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತುವುದು ಮೂರನೆಯದು, ಕಾಲನ್ನು ತುಸು ಹಿಂದಕ್ಕೆ ಇಟ್ಟು ಎತ್ತಿದರೆ ಸರಿಯಾದ ಜಾಗಕ್ಕೆ ತಾಗುತ್ತದೆ. ಗಿಡ್ಡ ಮೆಟ್ಟಿಲಿನ ಮೇಲೆ ನೋಯುವ ಕಾಲಲ್ಲಿ ನಿಂತು ಇನ್ನೊಂದು ಹಿಮ್ಮಡಿಯನ್ನು ಮೆಲ್ಲಗೆ ನೆಲಕ್ಕೆ ತಾಗಿಸಿ ಮರಳುವುದು ಕೊನೆಯದು, ಅದನ್ನು ಎರಡು ವಾರದ ಮೇಲೆ ಸೇರಿಸಿ. ಪ್ರತಿಯೊಂದೂ ಎಂಟರಿಂದ ಹನ್ನೆರಡು ಸಲ, ಮೂರು ಸುತ್ತು. ಸಂಖ್ಯೆಗಿಂತ ಮುಖ್ಯ, ಕೊನೆಯ ಎರಡು ಮೂರು ಸಲ ಕಷ್ಟವಾಗಬೇಕು. ಮಾತಾಡುತ್ತ, ಮೊಬೈಲ್ ನೋಡುತ್ತ ಇಪ್ಪತ್ತು ಸಲ ಮಾಡಿ ಮುಗಿಸಬಹುದಾದರೆ ಹೊರೆ ಸಾಲದು, ಕೈಯಲ್ಲಿ ಭಾರ ಹಿಡಿಯಿರಿ.

ಹಿಮ್ಮಡಿಯ ಹಿಂದಿನ ಬಿಗಿತ ಅಕಿಲಿಸ್, ಅಂದರೆ ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟಿರುವ ಸ್ನಾಯುರಜ್ಜುವಿನದಿರಬೇಕು. ಸ್ವೀಡನ್ನಿನ ಮೂಳೆ ತಜ್ಞ ಹೋಕನ್ ಆಲ್ಫ್ರೆಡ್‌ಸನ್ 1998ರಲ್ಲಿ ಈ ನೋವಿದ್ದ ಮಧ್ಯವಯಸ್ಸಿನ 15 ಹವ್ಯಾಸಿ ಓಟಗಾರರಿಗೆ, ಮೆಟ್ಟಿಲ ಅಂಚಿನಲ್ಲಿ ತುದಿಗಾಲ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮ ಕೊಟ್ಟರು. ನೋವಿದ್ದರೂ ಬಿಡದೆ, ದಿನಕ್ಕೆರಡು ಹೊತ್ತು, 12 ವಾರ. ಹದಿನೈದೂ ಮಂದಿ ಓಟಕ್ಕೆ ಮರಳಿದರು. ಈಗ ದಿನಕ್ಕೆರಡು ಸಲ ಬೇಕಿಲ್ಲ, ವಾರಕ್ಕೆ ಮೂರು ದಿನ ಭಾರ ಹಿಡಿದು ನಿಧಾನವಾಗಿ ಮಾಡಿದರೂ ಅಷ್ಟೇ ಫಲ ಎಂದು ಗೊತ್ತಾಗಿದೆ. ಆದರೆ ಒಂದು ಎಚ್ಚರಿಕೆ. ಬೆರಳಿಂದ ಒತ್ತಿ ನೋಡಿ. ನೋವು ಹಿಮ್ಮಡಿ ಮೂಳೆಗಿಂತ ಎರಡು ಮೂರು ಬೆರಳಗಲ ಮೇಲೆ ಇದ್ದರೆ ಮೆಟ್ಟಿಲ ಅಂಚಿನ ವ್ಯಾಯಾಮ ಸರಿ. ಮೂಳೆಗೆ ಅಂಟಿಕೊಂಡ ಜಾಗದಲ್ಲೇ ಇದ್ದರೆ ಸಮನೆಲದ ಮೇಲೆಯೇ ತುದಿಗಾಲು ಎತ್ತಿ ಇಳಿಸಿ. ಕೆಳಕ್ಕೆ ಜಗ್ಗಿದರೆ ರಜ್ಜು ಮೂಳೆಗೆ ಒತ್ತಿ ಇನ್ನಷ್ಟು ಕೆರಳುತ್ತದೆ. ಮೀನಖಂಡವನ್ನು ಎಳೆದೆಳೆದು ಸ್ಟ್ರೆಚ್ ಮಾಡುವುದನ್ನೂ ಆಗ ನಿಲ್ಲಿಸಬೇಕು.

ಸ್ಟ್ರೆಚಿಂಗ್ ಎಂದಾಗ ಗೆಳೆಯರ ಮಾತು ನೆನಪಾಯಿತು. ಆಟಕ್ಕೆ ಮುಂಚೆ ನಿಂತಲ್ಲೇ ಸ್ನಾಯು ಎಳೆದು ಹಿಡಿಯುವುದರಿಂದ ಗಾಯ ತಪ್ಪಿದ್ದಕ್ಕೆ ಪುರಾವೆ ಬಹಳ ತೆಳು. ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ತುಸು ಹೊತ್ತು ಸ್ನಾಯುವಿನ ಬಲವೇ ಕುಗ್ಗುತ್ತದೆ. ಹಿತವೆನಿಸಿದರೆ ಸಂಜೆ ಮಾಡಿಕೊಳ್ಳಿ. ಗಾಯ ತಪ್ಪಿಸುವುದರಲ್ಲಿ ನಿಜವಾಗಿ ಗೆದ್ದದ್ದು ಬೇರೆ ಬಗೆಯ ವಾರ್ಮಪ್. ಫುಟ್‌ಬಾಲ್‌ಗಾಗಿ ರೂಪಿಸಿದ 'ಫಿಫಾ 11+' ಸುಮಾರು 20 ನಿಮಿಷದ್ದು: ಮೆಲ್ಲನೆ ಓಟ, ಬಲದ ವ್ಯಾಯಾಮ, ಒಂಟಿಗಾಲಿನ ಸಮತೋಲ, ಜಿಗಿದು ಸರಿಯಾಗಿ ಇಳಿಯುವ ಅಭ್ಯಾಸ. ಅದನ್ನು ತಪ್ಪದೆ ಮಾಡಿದ ತಂಡಗಳಲ್ಲಿ ಗಾಯ ಮೂರನೇ ಒಂದರಷ್ಟು ಕಡಿಮೆಯಾಯಿತು. ಗುಟ್ಟು 'ತಪ್ಪದೆ' ಎಂಬುದರಲ್ಲಿದೆ.

ಸೊಂಟದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ನೆಟ್ಟಗೆ ಕೂರಿ ಎಂದು ನಾನು ಹೇಳುವುದಿಲ್ಲ. ಎಲ್ಲರ ಬೆನ್ನನ್ನೂ ಕಾಯುವ ಒಂದು ಸರಿಯಾದ ಭಂಗಿ ಇನ್ನೂ ಯಾರಿಗೂ ಸಿಕ್ಕಿಲ್ಲ. ಎಷ್ಟೇ ಚೆಂದದ ಭಂಗಿಯಾದರೂ ಮೂರು ತಾಸು ಅದರಲ್ಲೇ ಇದ್ದರೆ ಬೆನ್ನು ಮುನಿಯುತ್ತದೆ. ಅರ್ಧ ಗಂಟೆಗೊಮ್ಮೆ ಏಳಿ, ಫೋನು ಬಂದರೆ ನಡೆಯುತ್ತ ಮಾತಾಡಿ, ಒರಗಿ ಕೂರಿ, ಮುಂದಕ್ಕೆ ಸರಿದು ಕೂರಿ. ಮೇಲೆ ಹೇಳಿದ ಬಸ್ಕಿ, ಸೊಂಟ ಎತ್ತುವ ವ್ಯಾಯಾಮ ಬೆನ್ನಿಗೂ ಸಲ್ಲುತ್ತವೆ, ಬೇರೆ ಪಟ್ಟಿ ಬೇಡ. ನಿದ್ದೆ ಕಡಿಮೆಯಾದ ವಾರ ನೋವು ಜೋರಾಗಿ ಕಂಡರೆ ಅದು ನಿಮ್ಮ ಭ್ರಮೆಯಲ್ಲ. ನಿದ್ದೆಗೆಟ್ಟ ದೇಹಕ್ಕೆ ಅದೇ ನೋವು ಹೆಚ್ಚು ನೋಯುತ್ತದೆ.

ಕೆಲವು ಸಂದರ್ಭಗಳಲ್ಲಿ ಮಾತ್ರ ನನ್ನ ಈ ಉತ್ತರವನ್ನು ಮಡಿಸಿಟ್ಟು ವೈದ್ಯರ ಬಳಿ ಹೋಗಬೇಕು. ಬೆನ್ನುನೋವಿನ ಜೊತೆ ಗುದ, ಜನನಾಂಗದ ಸುತ್ತ ಜೋಮು ಹಿಡಿದರೆ, ಮೂತ್ರ ಮಲದ ಹಿಡಿತ ತಪ್ಪಿದರೆ ಅಥವಾ ಮೂತ್ರವೇ ಬಾರದಿದ್ದರೆ, ಕಾಲುಗಳ ಬಲ ಇಳಿಯುತ್ತಿದ್ದರೆ ಅದೇ ದಿನ ತುರ್ತು ಚಿಕಿತ್ಸೆಗೆ. ಕೀಲು ಕೆಂಪಾಗಿ ಬಿಸಿಯಾಗಿ ಊದಿ ಜ್ವರ ಬಂದರೆ, ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ಕೂಡ ತಡಮಾಡಬೇಡಿ, ಎರಡನೆಯದು ರಕ್ತ ಹೆಪ್ಪುಗಟ್ಟಿದ್ದರ ಗುರುತಾಗಿರಬಹುದು. ಆಡುವಾಗ ಯಾರೋ ಹಿಂದಿನಿಂದ ಒದ್ದಂತಾಗಿ 'ಟಪ್' ಎಂದು ಕೇಳಿ, ತುದಿಗಾಲ ಮೇಲೆ ನಿಲ್ಲಲಾಗದಿದ್ದರೆ ಅಕಿಲಿಸ್ ಹರಿದಿರಬಹುದು. ಕಾಲು ಉಳುಕಿ ನಾಲ್ಕು ಹೆಜ್ಜೆ ಊರಿ ನಡೆಯಲಾಗದಿದ್ದರೆ ಎಕ್ಸ್‌ರೇ ಬೇಕು. ರಾತ್ರಿ ಎಬ್ಬಿಸುವ, ಯಾವ ಭಂಗಿಗೂ ಜಗ್ಗದ ನೋವು, ಕಾರಣವಿಲ್ಲದೆ ಇಳಿಯುವ ತೂಕ ಇದ್ದರೂ ತೋರಿಸಿ. ಇನ್ನೊಂದು: ನಿಮ್ಮ ಸಕ್ಕರೆ ಗಡಿಯಲ್ಲಿದೆ, ವರ್ಷಗಟ್ಟಲೆ ಕೂತವರು, ಓಡುವಾಗ ಎದೆ ಹಿಂಡಿದಂತಾಗುವುದು, ಅಸಹಜ ಏದುಸಿರು, ತಲೆಸುತ್ತು ಕಂಡರೆ ಅಲ್ಲೇ ನಿಲ್ಲಿಸಿ ತುರ್ತು ನೆರವು ಪಡೆಯಿರಿ, ಮತ್ತೆ ಓಡುವ ಮುಂಚೆ ಹೃದಯದ ತಪಾಸಣೆ ಆಗಲಿ.

ಕಡೆಗೆ ನೀಕ್ಯಾಪ್ ಮತ್ತು ಬ್ಯಾಡ್ಮಿಂಟನ್. ನೀಕ್ಯಾಪ್ ಹಾಕಿದರೆ ಮಂಡಿಗೆ ಬೆಚ್ಚಗಾಗುತ್ತದೆ, ಧೈರ್ಯ ಬರುತ್ತದೆ, ಕೆಲವರಿಗೆ ನೋವೂ ತುಸು ತಗ್ಗುತ್ತದೆ. ಹಾಕಿಕೊಳ್ಳಿ. ಆದರೆ ಅದು ಹೊರೆ ಹೊರುವುದಿಲ್ಲ, ಆ ಧೈರ್ಯದಲ್ಲಿ ಇನ್ನೊಂದು ಗೇಮ್ ಆಡಿದರೆ ಲೆಕ್ಕ ತಪ್ಪುತ್ತದೆ. ಬ್ಯಾಡ್ಮಿಂಟನ್ ಮಂಡಿಗೆ ಓಟಕ್ಕಿಂತ ಕಠಿಣ. ಮುಂದಕ್ಕೆ ಚಾಚಿ ಹೆಜ್ಜೆಯಿಟ್ಟು ಶಟಲ್ ಎತ್ತುವಾಗ, ಸ್ಮ್ಯಾಶ್ ಹೊಡೆದು ಒಂಟಿಗಾಲ ಮೇಲೆ ಇಳಿಯುವಾಗ ಬೀಳುವ ಹೊರೆ ಹಠಾತ್ತಾದದ್ದು. ಗಿಡ್ಡ ಮೆಟ್ಟಿಲಿಂದ ಹಿಮ್ಮಡಿ ತಾಗಿಸುವ ವ್ಯಾಯಾಮ ಹತ್ತು ಸಲ ಮಾಡಿದಾಗ ನೋವು ಎರಡು ದಾಟದಿದ್ದರೆ, ಒಂದೇ ಕಾಲಲ್ಲಿ ಇಪ್ಪತ್ತು ಸಲ ತುದಿಗಾಲೆತ್ತಲು ಆಗುವುದಾದರೆ, ನಿಂತಲ್ಲೇ ಒಂಟಿಗಾಲಲ್ಲಿ ಹತ್ತು ಸಲ ಕುಪ್ಪಳಿಸಲು ಅಂಜಿಕೆ ಇಲ್ಲದಿದ್ದರೆ ಕೋರ್ಟಿಗೆ ಇಳಿಯಿರಿ. ಮೊದಲ ಎರಡು ಭಾನುವಾರ ಇಪ್ಪತ್ತು ನಿಮಿಷ, ಡಬಲ್ಸ್ ಮಾತ್ರ, ಹಿಂದಿನ ದಿನ ಓಟ ಬೇಡ. ಆಮೇಲೆ ವಾರಕ್ಕೆ ಹತ್ತು ನಿಮಿಷ ಸೇರಿಸಿಕೊಂಡು ಹೋಗಿ, ಸೋಮವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ನೋವು ಏರಿದ್ದು ಕಂಡರೆ ಮುಂದಿನ ವಾರ ಹಿಂದಿನ ಅವಧಿಯನ್ನೇ ಆಡಿ. ಆಟಗಾರರು ಹೆಚ್ಚಿದ್ದು ಯಾರಾದರೂ ಒಂದು ಗೇಮ್ ಹೊರಗೆ ಕೂರಬೇಕಾದಾಗ ಮೊದಲು ಕೈ ಎತ್ತುವವರು ನೀವಾಗಿರಿ.